ಕೆಂಪು ಹಾವಿನ ಫೋಟೊ ನಿಜವೇ? ಕಪ್ಪು ಕಳೆದುಕೊಂಡ ಕಾರ್ನ್ ಸ್ನೇಕ್ ಮತ್ತು ನಮ್ಮಲ್ಲೂ ಇರುವ ಅದೇ ಜೀನ್

ಕುಂಕುಮದಂತೆ ಕೆಂಪಗಿರುವ ಹಾವು. ಕಣ್ಣೂ ಕೆಂಪು. ಮೈಮೇಲೆ ಚೂರೂ ಕಪ್ಪಿಲ್ಲ, ಕೆಂಪು ಮಚ್ಚೆಗಳ ಸುತ್ತ ಬಿಳಿ ಅಂಚು. ಯಾರದೋ ಅಂಗೈಯಲ್ಲಿ ಸುರುಳಿ ಸುತ್ತಿ ಕೂತಿದೆ. ಇಂಥ ಫೋಟೊ ಅಥವಾ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಫೋಟೊ ಅದೇ ಇದ್ದರೂ ಜೊತೆಗಿನ ಬರಹ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಒಂದು ಕಡೆ ಅದು ಅಪರೂಪದ ದೈವಿಕ ಸರ್ಪ, ಇನ್ನೊಂದು ಕಡೆ ಕಚ್ಚಿದರೆ ನೀರು ಕೇಳಲೂ ಬಿಡದ ವಿಷಸರ್ಪ. ಮತ್ತೊಂದರಲ್ಲಿ ಬಣ್ಣ ಹಾಕಿದ ಆಹಾರ ಕೊಟ್ಟು ಹೀಗೆ ಕೆಂಪು ಮಾಡಿದ್ದಾರೆ ಎಂಬ ಆರೋಪ. ಎಲ್ಲವನ್ನೂ ಅನುಮಾನಿಸುವವರು 'ಇದು ಫೋಟೊಶಾಪ್, ಬಿಡಿ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಬಿಳಿ ಅಂಚಿನ ಕೆಂಪು ಮಚ್ಚೆ, ಕೆಂಪು ಕಣ್ಣು, ಸಪೂರ ಮೈ, ಹೆದರದೆ ಕೈಯಲ್ಲಿ ಕೂರುವ ಸ್ವಭಾವ ಇಷ್ಟೂ ಒಟ್ಟಿಗಿದ್ದರೆ ಅದು ಬಹುತೇಕ ಅಮೆರಿಕದ ಕಾರ್ನ್ ಸ್ನೇಕ್. ಮನೆಗಳಲ್ಲಿ ಸಾಕಿ, ಜೋಡಿ ಕಟ್ಟಿ, ಪೀಳಿಗೆಗಳ ಕಾಲ ಬೆಳೆಸಿದ ಹಾವು. ಬಣ್ಣ ಅಸಲಿ, ವಿಷ ಇಲ್ಲ, ದೈವಿಕ ಎನ್ನುವುದು ನಂಬಿಕೆಗೆ ಬಿಟ್ಟದ್ದು. ಆದರೆ 'ಅಸಲಿಯೋ ನಕಲಿಯೋ' ಎಂಬ ಪ್ರಶ್ನೆಗಿಂತ ಆ ಕೆಂಪು ಎಲ್ಲಿಂದ ಬಂತು ಎನ್ನುವುದು ನಮಗೆ ಹೆಚ್ಚು ಮುಖ್ಯ ಎನಿಸಿತು. ಈ ಹಾವನ್ನು ಕೆಂಪಾಗಿಸುವ ಜೀನ್ ಮನುಷ್ಯರಲ್ಲೂ ಇದೆ. ಅದರಲ್ಲಿ ದೋಷವಿರುವ ಮಗು ಹುಟ್ಟಿದಾಗ ನಮ್ಮ ಊರುಗಳಲ್ಲಿ ಯಾರ ಮೇಲೆ ಆರೋಪ ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೊದಲು ಹಾವನ್ನು ನೋಡೋಣ.

ಕಾಡಿನಲ್ಲೂ ಅದು ಸ್ವಲ್ಪ ಕೆಂಪೇ

ಕಾರ್ನ್ ಸ್ನೇಕ್‌ನ ವೈಜ್ಞಾನಿಕ ಹೆಸರು ಪ್ಯಾಂಥೆರೋಫಿಸ್ ಗುಟ್ಟಾಟಸ್. ಅದರ ತವರು ಅಮೆರಿಕದ ಆಗ್ನೇಯ ಭಾಗ: ಉತ್ತರದಲ್ಲಿ ನ್ಯೂಜೆರ್ಸಿ, ದಕ್ಷಿಣದಲ್ಲಿ ಫ್ಲೋರಿಡಾ, ಪಶ್ಚಿಮಕ್ಕೆ ಲೂಸಿಯಾನದವರೆಗೆ. ಅದು ಇಲಿ ಹಿಡಿಯುವ ಹಾವು. ನಮ್ಮ ಕೇರೆಹಾವಿನಂತೆ ಇದಕ್ಕೂ ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ಮೆಕ್ಕೆಜೋಳ ಕೂಡಿಡುವ ಕಣಜಗಳ ಸುತ್ತ ಇಲಿಗಾಗಿ ಸುಳಿದಾಡುತ್ತಿದ್ದರಿಂದ 'ಕಾರ್ನ್' ಎಂಬ ಹೆಸರು ಬಂತು ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಮೇಲಿನ ಕಪ್ಪು ಬಿಳುಪು ಚೌಕಗಳು ಬಣ್ಣದ ಜೋಳದ ಕಾಳುಗಳಂತೆ ಕಾಣುವುದರಿಂದ ಎಂದು ಇನ್ನು ಕೆಲವರು. ಎರಡನೆಯದು ನೋಡಲು ಚೆಂದದ ಹೋಲಿಕೆ.

ಕಾಡಿನ ಕಾರ್ನ್ ಸ್ನೇಕ್ ಕೂಡ ಬಣ್ಣಗೆಟ್ಟ ಹಾವಲ್ಲ. ಕಿತ್ತಳೆ ಅಥವಾ ಕಂದು ಮೈ, ಬೆನ್ನುದ್ದಕ್ಕೂ ಇಟ್ಟಿಗೆಗೆಂಪು ಮಚ್ಚೆಗಳು, ಪ್ರತಿ ಮಚ್ಚೆಯ ಸುತ್ತ ಕಪ್ಪು ಗೆರೆ. ಒಣ ಎಲೆಗಳ ಮೇಲೆ ಮಲಗಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಫೋಟೊದ ಹಾವಿನಲ್ಲಿ ಹೊಸದಾಗಿ ಬಂದ ಬಣ್ಣ ಯಾವುದೂ ಇಲ್ಲ. ಮೊದಲೇ ಇದ್ದ ಕೆಂಪಿನ ಮೇಲಿಂದ ಕಪ್ಪು ಹೋಗಿದೆ, ಅಷ್ಟೆ.

ಹಾವಿನ ಚರ್ಮದಲ್ಲಿ ಮೂರು ಬಗೆಯ ಬಣ್ಣದ ಕೋಶಗಳಿರುತ್ತವೆ. ಒಂದು ಬಗೆ ಮೆಲನಿನ್ ಎಂಬ ಕಪ್ಪು ಕಂದು ಬಣ್ಣ ತಯಾರಿಸುತ್ತದೆ. ಇನ್ನೊಂದು ಬಗೆಯಲ್ಲಿ ಹಳದಿ ಮತ್ತು ಕೆಂಪು ಬಣ್ಣದ ಕಣಗಳಿರುತ್ತವೆ. ಮೂರನೆಯದರಲ್ಲಿ ಬಣ್ಣವೇ ಇಲ್ಲ, ಕನ್ನಡಿ ಚೂರುಗಳಂತೆ ಬೆಳಕನ್ನು ಹಿಂದಕ್ಕೆ ಎಸೆಯುವ ಸಣ್ಣ ಹರಳುಗಳಿರುತ್ತವೆ. ನಾವು ನೋಡುವ ಹಾವಿನ ಬಣ್ಣ ಈ ಮೂರರ ಬೆರಕೆ. ಕಿತ್ತಳೆ ಬಣ್ಣದ ಗೋಡೆಯ ಮೇಲೆ ಮಸಿ ಹಿಡಿದರೆ ಕಂದಾಗಿ ಕಾಣುತ್ತದಲ್ಲ, ಹಾಗೆ. ಮಸಿ ಒರೆಸಿದರೆ ಕೆಳಗಿನ ಬಣ್ಣ ಎದ್ದು ಕಾಣುತ್ತದೆ.

ಮನುಷ್ಯರ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡಲು ಇರುವುದು ಮೆಲನಿನ್ ತಯಾರಿಸುವ ಒಂದೇ ಬಗೆಯ ಕೋಶ. ಹಸು, ನಾಯಿ, ಇಲಿಗಳಿಗೂ ಅಷ್ಟೇ. ಆದ್ದರಿಂದ ಮೆಲನಿನ್ ನಿಂತುಹೋದ ಇಲಿ ಬೆಳ್ಳಗಾಗುತ್ತದೆ. ಹಾವಿಗೆ ಕಪ್ಪು ನಿಂತರೂ ಕೆಂಪು ಹಳದಿ ಉಳಿದಿರುತ್ತವೆ. 'ಆಲ್ಬಿನೊ ಅಂದರೆ ಬಿಳಿ ತಾನೇ, ಇದು ಕೆಂಪಗಿದೆಯಲ್ಲ, ಹಾಗಾದರೆ ಸುಳ್ಳು' ಎಂದು ಕಾಮೆಂಟ್ ಹಾಕುವವರು ಎಡವುವುದು ಇಲ್ಲೇ. ಕಪ್ಪು ಅಂಚು ಇದ್ದ ಜಾಗದಲ್ಲಿ ಬಿಳಿ ಅಂಚು ಉಳಿಯುವುದಕ್ಕೂ ಕಾರಣ ಇದೇ. ಕಣ್ಣು ಕೆಂಪಾಗಿ ಕಾಣುವುದು ಮಾತ್ರ ಬೇರೆ ಲೆಕ್ಕ: ಅಲ್ಲಿ ಮರೆಮಾಡುವ ಮೆಲನಿನ್ ಇಲ್ಲದೆ ಒಳಗಿನ ರಕ್ತನಾಳಗಳು ಕಾಣುತ್ತವೆ.

ಹಾವು ಸಾಕುವವರು ಈ ಬಗೆಯನ್ನು 'ಅಮೆಲನಿಸ್ಟಿಕ್' ಅಥವಾ ಚಿಕ್ಕದಾಗಿ 'ಅಮೆಲ್' ಎನ್ನುತ್ತಾರೆ. ಮೆಲನಿನ್ ಇಲ್ಲದ್ದು ಎಂದಷ್ಟೇ ಅದರ ಅರ್ಥ. ನಾವೂ ಮುಂದೆ ಅದೇ ಹೆಸರು ಬಳಸುತ್ತೇವೆ.

ಒಂದು ಹಾವಿನಿಂದ ಶುರುವಾದದ್ದು

1953ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕಪ್ಪಿಲ್ಲದ ಒಂದು ಗಂಡು ಕಾರ್ನ್ ಸ್ನೇಕ್ ಸಿಕ್ಕಿತು. ಅದನ್ನು ಸಾಮಾನ್ಯ ಬಣ್ಣದ ಹೆಣ್ಣಿನ ಜೊತೆ ಸೇರಿಸಿದಾಗ ಹುಟ್ಟಿದ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಒಂದೂ ಅಪ್ಪನಂತಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಆ ಬಣ್ಣ ಸತ್ತುಹೋಯಿತು ಎಂದೇ ಎಲ್ಲರೂ ಅಂದುಕೊಳ್ಳುತ್ತಿದ್ದರು. ಆದರೆ ಆ ಮರಿಗಳು ಬೆಳೆದ ಮೇಲೆ ಅವುಗಳಿಂದಲೇ ಮುಂದಿನ ಪೀಳಿಗೆ ಪಡೆದಾಗ, 1961ರಲ್ಲಿ, ಮೊಟ್ಟೆಯೊಡೆದು ಕೆಂಪು ಮರಿಗಳು ಹೊರಬಂದವು. ಈ ಕೆಲಸ ಮಾಡಿದ್ದು ಬರ್ನಾರ್ಡ್ ಬೆಕ್ಟೆಲ್ ಎಂಬ ಚರ್ಮರೋಗ ವೈದ್ಯರು. ಬಣ್ಣ ಹೇಗೆ ಪೀಳಿಗೆಗೆ ಇಳಿಯುತ್ತದೆ ಎಂಬುದನ್ನು ಅವರು 1962ರಲ್ಲಿ 'ಕೊಪಿಯಾ' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ನಾನಾ ಕಡೆ ಸಾಕುವ ಅಮೆಲ್ ಹಾವುಗಳ ಕಥೆ ಶುರುವಾಗುವುದು ಅಲ್ಲಿಂದ.

ನಡುವಿನ ಪೀಳಿಗೆಯಲ್ಲಿ ಬಣ್ಣ ಎಲ್ಲಿ ಅಡಗಿತ್ತು? ಮನೆಗೆ ಎರಡು ಬೋರ್‌ವೆಲ್ ಇವೆ ಎಂದುಕೊಳ್ಳಿ. ಒಂದು ಅಪ್ಪ ಕೊರೆಸಿದ್ದು, ಇನ್ನೊಂದು ಅಮ್ಮನ ತವರಿನವರು ಕೊರೆಸಿಕೊಟ್ಟಿದ್ದು. ಒಂದು ಕೆಟ್ಟರೂ ಇನ್ನೊಂದರಿಂದ ಟ್ಯಾಂಕ್ ತುಂಬುತ್ತದೆ, ನಲ್ಲಿಯಲ್ಲಿ ನೀರು ಬರುತ್ತಿರುವಾಗ ಒಂದು ಕೆಟ್ಟಿರುವುದು ಬಳಸುವವರಿಗೆ ತಿಳಿಯುವುದೇ ಇಲ್ಲ. ಎರಡೂ ಕೆಟ್ಟ ದಿನ ನಲ್ಲಿ ಒಣಗುತ್ತದೆ. ಮೆಲನಿನ್ ತಯಾರಿಸುವ ಜೀನ್ ಕೂಡ ಹಾಗೆ. ಪ್ರತಿ ಹಾವಿನಲ್ಲಿ ಅದರ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಸರಿಯಿದ್ದರೂ ಸಾಕು, ಕಪ್ಪು ಬಣ್ಣ ಪೂರ್ತಿ ತಯಾರಾಗುತ್ತದೆ. ಒಂದು ಕೆಟ್ಟ ಪ್ರತಿ ಹೊತ್ತ ಹಾವನ್ನು ನೋಡಿ ಗುರುತಿಸಲು ಸಾಧ್ಯವೇ ಇಲ್ಲ. ಇಂಥ ಹಾವನ್ನು ವಾಹಕ ಎನ್ನೋಣ.

ಎರಡು ವಾಹಕಗಳು ಕೂಡಿದಾಗ ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಅವಕಾಶ: ಎರಡೂ ಕೆಟ್ಟ ಪ್ರತಿಗಳು ಒಂದೇ ಮರಿಗೆ ಹೋಗಬಹುದು. ಆ ಮರಿ ಕೆಂಪು. ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಮಾತಿದೆ. ನಾಲ್ಕರಲ್ಲಿ ಒಂದು ಎಂದರೆ 12 ಮೊಟ್ಟೆ ಇಟ್ಟರೆ ಸರಿಯಾಗಿ 3 ಕೆಂಪು ಮರಿ ಎಂದಲ್ಲ. ಪ್ರತಿ ಮೊಟ್ಟೆಯೂ ಹೊಸದಾಗಿ ಚೀಟಿ ಎತ್ತುತ್ತದೆ, ಪಕ್ಕದ ಮೊಟ್ಟೆಗೆ ಏನು ಬಂತು ಎಂಬುದು ಅದಕ್ಕೆ ಗೊತ್ತಿಲ್ಲ. 12 ಮೊಟ್ಟೆಗಳಲ್ಲಿ ಒಂದೂ ಕೆಂಪು ಮರಿ ಬಾರದೆ ಇರುವ ಸಾಧ್ಯತೆಯೂ ನೂರಕ್ಕೆ ಸುಮಾರು 3ರಷ್ಟಿದೆ. ಮೊದಲ ಎರಡು ಮೊಟ್ಟೆಯಲ್ಲೇ ಎರಡು ಕೆಂಪು ಮರಿ ಬರಲೂಬಹುದು.

ಜಿಗಿದು ಬಂದು ಕೂತ ತುಣುಕು

ಬೆಕ್ಟೆಲ್ ಅವರಿಗೆ ಪೀಳಿಗೆಯ ಲೆಕ್ಕ ಸಿಕ್ಕಿತ್ತು, ಜೀನ್ ಯಾವುದೆಂದು ಸಿಕ್ಕಿರಲಿಲ್ಲ. ಅದು ತಿಳಿಯಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. 2015ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಮಿಷೆಲ್ ಮಿಲಿಂಕೊವಿಚ್ ಅವರ ತಂಡ ಸ್ವೀಡನ್ನಿನ ಸಂಶೋಧಕರ ಜೊತೆ ಸೇರಿ ಕೆಟ್ಟಿರುವ ಜಾಗವನ್ನು ಹುಡುಕಿತು. ಜೀನ್‌ನ ಹೆಸರು ಒಸಿಎ2.

ಈ ಜೀನ್‌ನ ಕೆಲಸ ನೇರವಾಗಿ ಬಣ್ಣ ತಯಾರಿಸುವುದಲ್ಲ. ಮೆಲನಿನ್ ತಯಾರಾಗುವುದು ಕೋಶದೊಳಗಿನ ಪುಟ್ಟ ಚೀಲಗಳಲ್ಲಿ. ಆ ಚೀಲದೊಳಗೆ ಹುಳಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಒಸಿಎ2 ಕೆಲಸ. ಹುಳಿ ಹೆಚ್ಚಾದರೆ ಮೆಲನಿನ್ ತಯಾರಿಸುವ ಕಿಣ್ವ ಸರಿಯಾಗಿ ದುಡಿಯುವುದಿಲ್ಲ. ಅಡುಗೆಯವರು ಬಂದಿದ್ದಾರೆ, ಸಾಮಾನೂ ಇದೆ, ಆದರೆ ಒಲೆ ಹೊತ್ತುತ್ತಿಲ್ಲ ಎಂಬಂಥ ಸ್ಥಿತಿ.

ಅಮೆಲ್ ಹಾವುಗಳಲ್ಲಿ ಈ ಜೀನ್‌ನ ನಡುವೆ ಒಂದು ಪರಕೀಯ ಡಿಎನ್‌ಎ ತುಣುಕು ಬಂದು ಕೂತಿದೆ. ಇಂಥವನ್ನು ಜಿಗಿಯುವ ಜೀನ್‌ಗಳು ಎನ್ನುತ್ತಾರೆ. ತಮ್ಮದೇ ನಕಲು ಮಾಡಿಕೊಂಡು ಡಿಎನ್‌ಎಯ ಬೇರೆ ಜಾಗಕ್ಕೆ ಹೋಗಿ ಸೇರಿಕೊಳ್ಳುವ ತುಣುಕುಗಳಿವು. ಅಡುಗೆ ಪುಸ್ತಕದಲ್ಲಿ ಹುಳಿಯನ್ನದ ವಿಧಾನದ ನಡುವೆ ಯಾರೋ ಸೈಕಲ್ ರಿಪೇರಿಯ ಹಾಳೆ ಸೇರಿಸಿ ಹೊಲಿದುಬಿಟ್ಟರೆ ಓದುವವರು ಅಲ್ಲಿಗೇ ನಿಲ್ಲಬೇಕಾಗುತ್ತದೆ. ಜಿಗಿಯುವ ಜೀನ್‌ಗಳನ್ನು ಮೊದಲು ಕಂಡುಹಿಡಿದವರು ಬಾರ್ಬರಾ ಮ್ಯಾಕ್ಲಿಂಟಾಕ್, ಅದಕ್ಕೆ 1983ರಲ್ಲಿ ನೊಬೆಲ್ ಬಂತು. ಅವರು ಅದನ್ನು ಕಂಡದ್ದು ಎಲ್ಲಿ ಗೊತ್ತೇ? ಬಣ್ಣಬಣ್ಣದ ಮೆಕ್ಕೆಜೋಳದ ಕಾಳುಗಳಲ್ಲಿ. ಜೋಳದ ಹೆಸರಿನ ಹಾವಿನ ಬಣ್ಣಕ್ಕೂ ಜೋಳದ ಬಣ್ಣಕ್ಕೂ ಒಂದೇ ಬಗೆಯ ಕಾರಣ ಸಿಕ್ಕಿದ್ದು ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾಗಲಿಲ್ಲ.

ಇದೇ ಒಸಿಎ2 ಜೀನ್ ನಮ್ಮ ನಿಮ್ಮ ದೇಹದಲ್ಲೂ ಇದೆ. ಕೆಲವು ಜನಾಂಗಗಳ ನೀಲಿ ಕಣ್ಣಿಗೆ ಮುಖ್ಯ ಕಾರಣ ಈ ಜೀನ್‌ನ ಕೆಲಸ ಕಣ್ಣಿನ ಪಾಪೆಯಲ್ಲಿ ತಗ್ಗಿರುವುದು. ಮೆಕ್ಸಿಕೊದ ಗುಹೆಗಳ ಕತ್ತಲಲ್ಲಿ ಬದುಕುವ ಬಿಳಿಚಿದ ಮೀನುಗಳಲ್ಲೂ ಕೆಟ್ಟಿರುವುದು ಇದೇ. ಮನುಷ್ಯರಲ್ಲಿ ಎರಡೂ ಪ್ರತಿ ಕೆಟ್ಟಾಗ ಆಗುವುದು ಆಲ್ಬಿನಿಸಂ. ಒಸಿಎ2 ಎಂಬ ಹೆಸರೇ ಅದರಿಂದ ಬಂದದ್ದು: ಕಣ್ಣು ಮತ್ತು ಚರ್ಮದ ಆಲ್ಬಿನಿಸಂನ ಎರಡನೇ ಬಗೆ. ಜೀನ್ ಅದೇ, ಕೆಡುವ ರೀತಿಯೂ ಹೆಚ್ಚುಕಡಿಮೆ ಹಾಗೆಯೇ. ಹಾವು ಕೆಂಪಾಗುತ್ತದೆ, ನಮ್ಮಲ್ಲಿ ಬೇರೆ ಬಣ್ಣದ ಕೋಶ ಇಲ್ಲದ್ದರಿಂದ ಮಗು ಬೆಳ್ಳಗೆ ಹುಟ್ಟುತ್ತದೆ.

ಮಗು ಬೆಳ್ಳಗೆ ಹುಟ್ಟಿದರೆ ಯಾರ ತಪ್ಪು?

ಅಪ್ಪ ಅಮ್ಮ ಇಬ್ಬರೂ ಕಪ್ಪು ಅಥವಾ ಗೋಧಿ ಬಣ್ಣ. ಎರಡೂ ಕಡೆ ಅಜ್ಜ ಅಜ್ಜಿಯರೂ ಹಾಗೇ. ಹುಟ್ಟಿದ ಮಗುವಿನ ಕೂದಲು, ರೆಪ್ಪೆ, ಚರ್ಮ ಎಲ್ಲ ಬಿಳಿ. ಆಮೇಲೆ ಶುರುವಾಗುವ ಮಾತುಗಳನ್ನು ನಾವು ಇಲ್ಲಿ ಪೂರ್ತಿ ಬರೆಯಬೇಕಿಲ್ಲ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು, ಬಸುರಿಯಲ್ಲಿ ಏನೋ ತಿನ್ನಬಾರದ್ದು ತಿಂದಳು ಎನ್ನುವುದು ಅದರ ಮೆದು ರೂಪ. ಮಗು ಗಂಡನದಲ್ಲ ಎನ್ನುವುದು ಅದರ ಕ್ರೂರ ರೂಪ. ಎರಡರಲ್ಲೂ ಬೆರಳು ತೋರುವುದು ತಾಯಿಯ ಕಡೆಗೇ.

ಬೋರ್‌ವೆಲ್ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಆಲ್ಬಿನಿಸಂನ ಸಾಮಾನ್ಯ ಬಗೆಗಳಲ್ಲಿ ಮಗು ಹಾಗೆ ಹುಟ್ಟಬೇಕಾದರೆ ಕೆಟ್ಟ ಪ್ರತಿ ಇಬ್ಬರಿಂದಲೂ ಬರಬೇಕು. ಒಂದು ತಾಯಿಯಿಂದ, ಒಂದು ತಂದೆಯಿಂದ. ಅಂದರೆ ಊರವರು ಅನುಮಾನಕ್ಕೆ ಆಧಾರ ಎಂದುಕೊಳ್ಳುವ ಆ ಬಿಳಿ ಬಣ್ಣ ತಂದೆ ಬೇರೆ ಎಂಬುದಕ್ಕೆ ಯಾವ ಸಾಕ್ಷಿಯೂ ಅಲ್ಲ. ಗಂಡ ವಾಹಕನಾಗಿರುವುದು ಅವನಿಗೂ ಗೊತ್ತಿರುವುದಿಲ್ಲ, ಅವನ ಅಪ್ಪನಿಗೂ ಗೊತ್ತಿರುವುದಿಲ್ಲ. ಉತ್ತರ ಕೆರೊಲಿನಾದ ಹಾವಿನ ಮರಿಗಳಂತೆ ಅದು ಹಲವು ತಲೆಮಾರು ಕಾಣದೆ ಸಾಗಿ ಬಂದಿರಬಹುದು.

ಆಹಾರದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇವೆ. ಬಸುರಿಯರಿಗೆ ಕೇಸರಿ ಹಾಲು ಕೊಟ್ಟರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆಗೂ ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಮಗುವಿಗೆ ಎಷ್ಟು ಮೆಲನಿನ್ ಬರಬೇಕು ಎಂಬುದು ಗರ್ಭ ಕಟ್ಟಿದ ಕ್ಷಣದಲ್ಲೇ ಜೀನ್‌ಗಳಲ್ಲಿ ಬರೆದಿರುತ್ತದೆ. ಕೇಸರಿ ಹಾಲು ಕುಡಿದರೆ ನಷ್ಟ ಪರ್ಸಿಗೆ ಮಾತ್ರ. ಕಬ್ಬಿಣದ ಮಾತ್ರೆ ಬಿಟ್ಟರೆ ರಕ್ತಹೀನತೆ ಹೆಚ್ಚಿ ತಾಯಿ ಮಗು ಇಬ್ಬರಿಗೂ ತೊಂದರೆ.

ಹಾವುಗಳಲ್ಲಿ ಕೆಂಪು ಮರಿ ಬೇಗ ಬರಲಿ ಎಂದು ಒಡಹುಟ್ಟಿದವನ್ನೇ ಜೋಡಿ ಮಾಡುತ್ತಾರೆ. ಒಂದೇ ಕುಟುಂಬದಲ್ಲಿ ಕೆಟ್ಟ ಪ್ರತಿಯೂ ಒಂದೇ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಎರಡು ವಾಹಕಗಳು ಎದುರಾಗುವ ಸಾಧ್ಯತೆಯೂ ಹೆಚ್ಚು. ನಮ್ಮಲ್ಲಿ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಮಾಡುವ ಪದ್ಧತಿ ಇರುವ ಮನೆಗಳಲ್ಲೂ ಇದೇ ತರ್ಕ ಅನ್ವಯಿಸುತ್ತದೆ. ಸೋದರಮಾವ ಮತ್ತು ಸೊಸೆಯ ಜೀನ್‌ಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ ಒಂದೇ ಮೂಲದ್ದು, ಅತ್ತೆ ಮಗ ಮಾವನ ಮಗಳ ನಡುವೆ ಎಂಟನೇ ಒಂದು ಭಾಗ. ಇಂಥ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ಹೆದರಿಸುವ ಉದ್ದೇಶ ನಮಗಿಲ್ಲ. ಆದರೆ ಅಡಗಿ ಕೂತ ದೋಷಗಳು, ಬಣ್ಣದ್ದಷ್ಟೇ ಅಲ್ಲ, ಬೇರೆ ಗಂಭೀರ ಕಾಯಿಲೆಗಳದ್ದೂ, ಹೊರಬರುವ ಸಾಧ್ಯತೆ ಹೆಚ್ಚು. ಕುಟುಂಬದಲ್ಲಿ ಅಂಥ ಮಗು ಒಮ್ಮೆ ಹುಟ್ಟಿದ್ದರೆ ಮದುವೆಗೆ ಅಥವಾ ಮುಂದಿನ ಮಗುವಿಗೆ ಮುಂಚೆ ವಂಶವಾಹಿ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು.

ಆಲ್ಬಿನಿಸಂ ತೊನ್ನು ಅಲ್ಲ. ತೊನ್ನಿನಲ್ಲಿ ಮೊದಲು ಇದ್ದ ಬಣ್ಣ ಆಮೇಲೆ ಮಚ್ಚೆ ಮಚ್ಚೆಯಾಗಿ ಹೋಗುತ್ತದೆ. ಎರಡೂ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆಲ್ಬಿನಿಸಂ ಇರುವ ಮಗುವಿಗೆ ನಿಜವಾಗಿ ಬೇಕಾದದ್ದು ಬಿಸಿಲಿನಿಂದ ರಕ್ಷಣೆ ಮತ್ತು ಕಣ್ಣಿನ ಆರೈಕೆ. ತುಂಬುತೋಳಿನ ಬಟ್ಟೆ, ಟೋಪಿ, ಸನ್‌ಸ್ಕ್ರೀನ್ ಚರ್ಮದ ಕ್ಯಾನ್ಸರ್ ಅಪಾಯ ತಗ್ಗಿಸುತ್ತವೆ. ಮೆಲನಿನ್ ಇಲ್ಲದೆ ಕಣ್ಣಿನ ರೆಟಿನಾ ಸರಿಯಾಗಿ ಬೆಳೆದಿರುವುದಿಲ್ಲವಾದ್ದರಿಂದ ದೃಷ್ಟಿ ಮಂದ ಇರುತ್ತದೆ, ಬೆಳಕು ಚುಚ್ಚುತ್ತದೆ. ಶಾಲೆಯಲ್ಲಿ ಇಂಥ ಮಕ್ಕಳು ಬೋರ್ಡ್ ನೋಡಲಾಗದೆ ಹಿಂದುಳಿದು 'ದಡ್ಡ' ಎನಿಸಿಕೊಳ್ಳುವುದುಂಟು. ಮುಂದಿನ ಬೆಂಚು, ದೊಡ್ಡ ಅಕ್ಷರದ ಪುಸ್ತಕ, ಕಣ್ಣಿನ ವೈದ್ಯರ ತಪಾಸಣೆ ಇಷ್ಟರಿಂದಲೇ ಬಹಳ ಬದಲಾಗುತ್ತದೆ. ದೃಷ್ಟಿ ತೀರಾ ಕಡಿಮೆ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು.

ಕೆಂಪಿಲ್ಲದ ಹಾವೂ ಇದೆ

ಮತ್ತೆ ಹಾವಿಗೆ ಬರೋಣ. ಅಮೆಲ್‌ಗೆ ನೇರ ಎದುರಾದ ಒಂದು ಬಗೆ ಇದೆ. ಅದರಲ್ಲಿ ಕಪ್ಪು ಉಳಿದು ಕೆಂಪು ಹೋಗಿರುತ್ತದೆ. ಬೂದು ಮೈ, ಕಪ್ಪು ಮಚ್ಚೆ, ಹಳೇ ಕಪ್ಪು ಬಿಳುಪು ಸಿನಿಮಾದ ಹಾವಿನಂತೆ. ಸಾಕುವವರು ಇದನ್ನು 'ಅನೆರಿ' ಎನ್ನುತ್ತಾರೆ. ಫ್ಲೋರಿಡಾದ ನೈರುತ್ಯ ಭಾಗದ ಕಾಡುಗಳಲ್ಲೂ ಇವು ಸಿಗುತ್ತವೆ. ಮಬ್ಬು ಬಣ್ಣದ ಹಾವಿಗೆ ಕಾಡಿನಲ್ಲಿ ಅವಿತುಕೊಳ್ಳುವುದು ಸುಲಭ. ಎಲೆಗಳ ನಡುವೆ ಎದ್ದು ಕಾಣುವ ಕೆಂಪು ಬಿಳಿ ಮರಿಗೆ ಆ ಅನುಕೂಲ ಇಲ್ಲ, ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ.

ಈಗ ಅಮೆಲ್ ಮತ್ತು ಅನೆರಿ ಜೋಡಿಯಾದರೆ ಮರಿ ಹೇಗಿರಬೇಕು? ಕೆಂಪೂ ಇಲ್ಲ ಕಪ್ಪೂ ಇಲ್ಲದ ಬಿಳಿ ಮರಿ ಎಂದು ಊಹಿಸುತ್ತೀರಿ. ಸಾಮಾನ್ಯವಾಗಿ ಹುಟ್ಟುವುದು ಕಾಡಿನ ಬಣ್ಣದ, ಕಪ್ಪೂ ಕೆಂಪೂ ಎರಡೂ ಇರುವ ಮರಿಗಳು! ಒಂದು ಮನೆಯಲ್ಲಿ ಅಕ್ಕಿ ಇದೆ ಬೇಳೆ ಇಲ್ಲ, ಇನ್ನೊಂದರಲ್ಲಿ ಬೇಳೆ ಇದೆ ಅಕ್ಕಿ ಇಲ್ಲ. ಇಬ್ಬರೂ ತಮ್ಮಲ್ಲಿರುವುದನ್ನು ಕೊಟ್ಟರೆ ಮರಿಯ ಮನೆಯಲ್ಲಿ ಅನ್ನ ಸಾರು ಎರಡೂ ಆಗುತ್ತದೆ. ಕೆಟ್ಟಿರುವುದು ಬೇರೆ ಬೇರೆ ಜೀನ್, ಆದ್ದರಿಂದ ಒಬ್ಬರ ಕೊರತೆಯನ್ನು ಇನ್ನೊಬ್ಬರ ಸರಿ ಪ್ರತಿ ತುಂಬುತ್ತದೆ. ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದಾಗ ಹದಿನಾರರಲ್ಲಿ ಒಂದು ಅವಕಾಶದಲ್ಲಿ ಎರಡೂ ಬಣ್ಣ ಕಳೆದುಕೊಂಡ, ತಿಳಿಗುಲಾಬಿ ಛಾಯೆಯ ಬಿಳಿ ಹಾವು ಹುಟ್ಟುತ್ತದೆ. ಅದಕ್ಕೆ 'ಸ್ನೋ' ಎಂದು ಹೆಸರು. 'ಶ್ವೇತನಾಗ' ಎಂದು ಹರಿದಾಡುವ ಕೆಲವು ಫೋಟೊಗಳಲ್ಲಿ ಹೆಡೆಯಿಲ್ಲದ ಇದೇ ಹಾವನ್ನು ನೀವು ಗಮನಿಸಬಹುದು.

ಮನುಷ್ಯರಲ್ಲೂ ಹೀಗಾಗಿದೆ. 1952ರಲ್ಲಿ ಬ್ರಿಟನ್ನಿನ ಕಣ್ಣಿನ ವೈದ್ಯ ಪ್ಯಾಟ್ರಿಕ್ ಟ್ರೆವರ್-ರೋಪರ್ ಒಂದು ಕುಟುಂಬದ ಬಗ್ಗೆ ಬರೆದರು. ಗಂಡ ಹೆಂಡತಿ ಇಬ್ಬರಿಗೂ ಆಲ್ಬಿನಿಸಂ, ಮಕ್ಕಳು ಮಾತ್ರ ಸಾಮಾನ್ಯ ಬಣ್ಣದವರು. ಹಳೇ ನಂಬಿಕೆಯಂತೆ ನೋಡಿದರೆ ಇಲ್ಲೂ ತಾಯಿಯ ಮೇಲೆ ಅನುಮಾನ ಬರಬೇಕು. ಆದರೆ ಆಲ್ಬಿನಿಸಂ ತರುವ ಜೀನ್‌ಗಳು ಒಂದಕ್ಕಿಂತ ಹೆಚ್ಚಿವೆ. ಇಬ್ಬರಲ್ಲಿ ಬೇರೆ ಬೇರೆ ಜೀನ್ ಕೆಟ್ಟಿದ್ದರೆ ಮಕ್ಕಳಿಗೆ ಅಕ್ಕಿ ಬೇಳೆ ಎರಡೂ ಸಿಗುತ್ತವೆ.

ಎಲ್ಲ ಕೆಂಪೂ ಒಂದೇ ಜೀನ್‌ನಿಂದ ಬಂದದ್ದಲ್ಲ

ಅಮೆಲ್ ಎಂಬುದು ಒಂದೇ ಜೀನ್‌ನ ಕಥೆ. ಆದರೆ 'ಬ್ಲಡ್‌ರೆಡ್' ಎಂಬ ಇನ್ನೊಂದು ಬಗೆಯ ಕಾರ್ನ್ ಸ್ನೇಕ್ ಇದೆ. ಕಣ್ಣು ಕೆಂಪಲ್ಲ, ಮೆಲನಿನ್ ಇದೆ, ಆದರೂ ಬೆಳೆದ ಹಾವು ಮುಡಿಯಿಂದ ಬಾಲದವರೆಗೆ ಒಂದೇ ಸಮ ಗಾಢ ಕೆಂಪು. ಮಚ್ಚೆಗಳು ಕರಗಿದಂತೆ ಕಾಣುತ್ತವೆ, ಹೊಟ್ಟೆಯ ಜೋಳದ ಚೌಕಗಳೂ ಮಾಯ. ಇದರಲ್ಲಿ ಎರಡು ಕೆಲಸ ಸೇರಿವೆ. ಮಚ್ಚೆಯನ್ನು ಮಸುಕಾಗಿಸುವುದು ಪೀಳಿಗೆಗೆ ಇಳಿಯುವ ಒಂದು ಗುಣ. ಕೆಂಪು ಗಾಢವಾದದ್ದು ಮಾತ್ರ ಒಂದು ಜೀನ್‌ನಿಂದಲ್ಲ. ಫ್ಲೋರಿಡಾದ ಉತ್ತರ ಭಾಗದ ಹೆಚ್ಚು ಕೆಂಪಾದ ಹಾವುಗಳನ್ನು ಆಯ್ದು, ಅವುಗಳ ಮರಿಗಳಲ್ಲಿ ಇನ್ನೂ ಕೆಂಪಾದವನ್ನು ಆಯ್ದು, ಹೀಗೆ ಪೀಳಿಗೆ ಪೀಳಿಗೆ ಸೋಸಿ ತಂದದ್ದು. ನಮ್ಮ ರೈತರು ಒಳ್ಳೆಯ ತೆನೆ ನೋಡಿ ಬಿತ್ತನೆಗೆ ತೆಗೆದಿಡುವುದಿಲ್ಲವೇ, ಅದೇ ವಿಧಾನ. ಇಲ್ಲಿ ನಾಲ್ಕರಲ್ಲಿ ಒಂದು ಎಂಬ ಲೆಕ್ಕ ನಡೆಯುವುದಿಲ್ಲ. ಬೇರೆ ಹಾವಿನ ಜೊತೆ ಕೂಡಿಸಿದರೆ ಬಣ್ಣ ಹಂತ ಹಂತವಾಗಿ ತೆಳುವಾಗುತ್ತದೆ. ಬ್ಲಡ್‌ರೆಡ್ ಮರಿ ಹುಟ್ಟುವಾಗ ಅಷ್ಟು ಕೆಂಪಿರುವುದೂ ಇಲ್ಲ, ಬೆಳೆಯುತ್ತಾ ಕೆಂಪೇರುತ್ತದೆ.

ಹೀಗೆ ಸೋಸುವುದಕ್ಕೆ ಬೆಲೆಯೂ ಇದೆ. ಹಳೆಯ ಬ್ಲಡ್‌ರೆಡ್ ಸಾಲುಗಳ ಮರಿಗಳು ಇಲಿಮರಿ ಮುಟ್ಟದೆ ಹಲ್ಲಿಗಾಗಿ ಕಾದು ಸೊರಗುತ್ತಿದ್ದವು ಎಂದು ಸಾಕಿದವರೇ ಹೇಳುತ್ತಾರೆ. ಬಣ್ಣದ ಜೀನ್ ಬಣ್ಣದ ಕೆಲಸ ಮಾತ್ರ ಮಾಡುತ್ತದೆ ಎಂಬ ಊಹೆಯೂ ಸರಿಯಲ್ಲ. 2020ರಲ್ಲಿ ಜಿನೀವಾದ ಅದೇ ಪ್ರಯೋಗಾಲಯ 'ಲ್ಯಾವೆಂಡರ್' ಎಂಬ ಇನ್ನೊಂದು ಬಗೆಯ ಕಾರ್ನ್ ಸ್ನೇಕ್ ಪರೀಕ್ಷಿಸಿತು. ಅದರ ಕೆಂಪು ಮಚ್ಚೆಗಳು ಮಂಕಾಗಿ ಬೂದುಗುಲಾಬಿಗೆ ತಿರುಗಿರುತ್ತವೆ. ಕೆಟ್ಟಿದ್ದ ಜೀನ್ ಹೆಸರು ಲಿಸ್ಟ್. ಕಪ್ಪು, ಕೆಂಪು, ಹರಳು ಮೂರೂ ಬಗೆಯ ಕೋಶಗಳ ಒಳಚೀಲಗಳು ಒಂದೇ ಮನೆತನದವು ಎಂಬುದಕ್ಕೆ ಅದರಿಂದ ಸಾಕ್ಷಿ ಸಿಕ್ಕಿತು. ಇದೇ ಜೀನ್ ಮನುಷ್ಯರಲ್ಲಿ ಕೆಟ್ಟಾಗ ಚೆಡಿಯಾಕ್-ಹಿಗಾಶಿ ಎಂಬ ಅಪರೂಪದ ಕಾಯಿಲೆ ಬರುತ್ತದೆ: ತೆಳು ಬಣ್ಣದ ಕೂದಲು, ಜೊತೆಗೆ ಪದೇ ಪದೇ ಸೋಂಕು. ರೋಗದೊಡನೆ ಹೋರಾಡುವ ರಕ್ತಕಣಗಳಲ್ಲೂ ಅದೇ ಬಗೆಯ ಚೀಲಗಳಿರುವುದೇ ಇದಕ್ಕೆ ಕಾರಣ.

ತಿಂದು ಕೆಂಪಾಯಿತೇ? ಕೆಂಪೆಂದರೆ ವಿಷವೇ?

ಆಹಾರದಿಂದ ಬಣ್ಣ ಬರುವ ಪ್ರಾಣಿಗಳಿವೆ. ಫ್ಲೆಮಿಂಗೊ ಹಕ್ಕಿಯ ಗುಲಾಬಿ ಬಣ್ಣ ಅದು ತಿನ್ನುವ ಪಾಚಿ ಸೀಗಡಿಗಳಿಂದ ಬಂದದ್ದು. ಕಾರ್ನ್ ಸ್ನೇಕ್ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ಅಮೆಲ್ ಮರಿ ಮೊಟ್ಟೆಯಿಂದ ಹೊರಬರುವಾಗಲೇ, ಒಂದು ತುತ್ತೂ ತಿನ್ನುವ ಮೊದಲೇ, ಕೆಂಪು ಮಚ್ಚೆ ಹೊತ್ತಿರುತ್ತದೆ. ಅದೇ ಗೂಡಿನ ಸಾಮಾನ್ಯ ಮರಿಗಳೂ ಅದೂ ತಿನ್ನುವುದು ಒಂದೇ ಬಗೆಯ ಇಲಿಮರಿ. ದೊಡ್ಡದಾದ ಮೇಲೆ ಕುತ್ತಿಗೆಯ ಬಳಿ ಬರುವ ಹಳದಿಗೆ ಮಾತ್ರ ಆಹಾರದಲ್ಲಿನ ಕೆರೋಟಿನಾಯ್ಡ್ ಕಾರಣ ಎಂಬುದು ಸಾಮಾನ್ಯ ವಿವರಣೆ.

ಇನ್ನು ವಿಷ. ಬ್ಯಾಡಗಿ ಮೆಣಸಿನಕಾಯಿ ಗೊತ್ತಿರುವವರಿಗೆ ಕೆಂಪಿಗೂ ಖಾರಕ್ಕೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಜೀವ ತೆಗೆಯುವ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಯಾವುದೂ ಕುಂಕುಮ ಬಣ್ಣದ್ದಲ್ಲ. ಹಾಗೆಂದು ಕೆಂಪು ಕಂಡರೆ ಹಿಡಿಯಬಹುದು ಎಂದೂ ಅಲ್ಲ. ಪಶ್ಚಿಮ ಘಟ್ಟದ ಹವಳದ ಹಾವುಗಳಲ್ಲಿ ಕೆಂಪೂ ಇದೆ, ವಿಷವೂ ಇದೆ. ಅಮೆರಿಕದಲ್ಲಿ ಇದರ ತಿರುವುಮುರುವು ನಡೆಯುತ್ತದೆ: ಕಾಪರ್‌ಹೆಡ್ ಎಂಬ ವಿಷದ ಹಾವೆಂದು ತಿಳಿದು ಜನ ಕಾರ್ನ್ ಸ್ನೇಕ್‌ಗಳನ್ನು ಹೊಡೆದು ಕೊಲ್ಲುತ್ತಾರ‍ೆ. ಬಣ್ಣ ನೋಡಿ ವಿಷ ಅಳೆಯುವ ವಿಧಾನ ಎರಡೂ ದೇಶಗಳಲ್ಲಿ ಕೈಕೊಡುತ್ತದೆ.

'66% ಹೆಟ್' ಎಂದರೆ ಏನು?

ಹಾವು ಮಾರುವ ವಿಡಿಯೊಗಳಲ್ಲಿ '66% ಹೆಟ್ ಅಮೆಲ್' ಎಂಬ ಮಾತು ಕೇಳಿಸುತ್ತದೆ. ಹಾವಿನ ಮೈಯಲ್ಲಿ ನೂರಕ್ಕೆ 66 ಭಾಗ ಕೆಂಪು ಎಂದು ತಿಳಿಯುವವರಿದ್ದಾರೆ. ಹೆಟ್ ಎಂದರೆ ನಾವು ಮೇಲೆ ಹೇಳಿದ ವಾಹಕ. ಎರಡು ವಾಹಕಗಳ ಸಾಮಾನ್ಯ ಬಣ್ಣದ ಮರಿಗಳಲ್ಲಿ ಸರಾಸರಿ ಮೂರರಲ್ಲಿ ಎರಡು ವಾಹಕ, ಒಂದು ಅಲ್ಲ. ಯಾವುದು ಎಂದು ಕಣ್ಣಿಗೆ ಗೊತ್ತಾಗದ ಕಾರಣ ಎಲ್ಲಕ್ಕೂ 66% ಎಂದು ಚೀಟಿ ಅಂಟಿಸುತ್ತಾರೆ. ಕೊಂಡ ಹಾವು ವಾಹಕ ಆಗಿರುತ್ತದೆ ಅಥವಾ ಆಗಿರುವುದಿಲ್ಲ, ನಡುವಿನದು ಇಲ್ಲ. ವಿದೇಶಗಳಲ್ಲಿ ಈಗ ಹಾವು ಕಳಚಿದ ಪೊರೆಯಿಂದಲೇ ಡಿಎನ್‌ಎ ಪರೀಕ್ಷೆ ಮಾಡಿಸಿ ಇದನ್ನು ತಿಳಿಯುತ್ತಾರೆ.

'ಬೆಂಗಳೂರಿನಲ್ಲಿ ಸಿಗುತ್ತದೆಯೇ' ಎಂದು ಕೇಳುವ ಮುನ್ನ ಒಂದು ಮಾತು. ಹೊರದೇಶದಿಂದ ಜೀವಂತ ಹಾವನ್ನು ಅನುಮತಿಯಿಲ್ಲದೆ ತರುವುದು ಕಳ್ಳಸಾಗಣೆ. ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಸಾಮಾನಿನಲ್ಲಿ ಬೇರೆ ಪ್ರಾಣಿಗಳ ಜೊತೆ ಕಾರ್ನ್ ಸ್ನೇಕ್‌ಗಳೂ ಸಿಕ್ಕ ಪ್ರಕರಣ 2023ರಲ್ಲಿ ಚೆನ್ನೈ ವಿಮಾನ ನಿಲ್ದಾಣದಿಂದ ವರದಿಯಾಗಿತ್ತು. ಸಾಕಲಾಗದೆ ಕೆರೆ ದಂಡೆಯಲ್ಲಿ ಬಿಟ್ಟರೆ ಇನ್ನೊಂದು ತೊಂದರೆ: ತವರಿನಿಂದ ದೂರದ ಕೆರಿಬಿಯನ್ ದ್ವೀಪಗಳಲ್ಲಿ ಕಾರ್ನ್ ಸ್ನೇಕ್‌ಗಳು ಈಗಾಗಲೇ ನೆಲೆಯೂರಿವೆ. ಇನ್ನು ನಮ್ಮ ಹೊಲಗದ್ದೆಯಲ್ಲೇ ಬಿಳಿ ಅಥವಾ ವಿಚಿತ್ರ ಬಣ್ಣದ ನಾಗರಹಾವೋ ಕೇರೆಹಾವೋ ಕಂಡರೆ, ಅದೂ ಹೀಗೆಯೇ ಜೀನ್ ಬದಲಾದ ಹಾವು. ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂಬ ಫಾರ್ವರ್ಡ್ ನಂಬಿ ಹಿಡಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳುತ್ತದೆ. ಬಿಳಿ ನಾಗರಕ್ಕೆ ಕಪ್ಪು ಮಾತ್ರ ಹೋಗಿರುತ್ತದೆ, ವಿಷ ಹಾಗೇ ಇರುತ್ತದೆ.